ಮುಖ್ಯ ರೈಡರ್‌ನನ್ನು ಕಾರ್ನರ್‌ಗೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಶಿರಾ, ಮಧುಗಿರಿ, ಪಾವಗಡ, ಗುಬ್ಬಿ, ಯಾವ ತಾಲ್ಲೂಕಿನದಾದರೂ ಸರಿ, ಒಂದು ಪ್ರೌಢಶಾಲೆಯ ಕಬಡ್ಡಿ ತಂಡ ನೋಡಿ. ಏಳು ಜನರಲ್ಲಿ ಒಬ್ಬ ಹುಡುಗ ಎದ್ದು ಕಾಣುತ್ತಾನೆ. ಕಾಲು ಚುರುಕು, ಉಸಿರು ಗಟ್ಟಿ, ಎದುರಾಳಿ ಅಂಕಣದೊಳಗಿನ ಬೋನಸ್ ಗೆರೆ ದಾಟಿ ತಿರುಗಿ ಬರುವ ಧೈರ್ಯ. ರೈಡ್‌ಗೆ, ಅಂದರೆ ಎದುರಾಳಿಗಳನ್ನು ಮುಟ್ಟಿ ಬರಲು, ಅವನೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ತಪ್ಪು ನಡೆಯುವುದು ಅವನು ವಾಪಸ್ ಬಂದ ಮೇಲೆ. ಎದುರಾಳಿ ಒಳಗೆ ಬಂದಾಗ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ತುದಿಯಲ್ಲಿ, ಬಗ್ಗಿ ಕಾಲಿಗೆ ಬೀಳುವವನೂ ಅವನೇ. ಯಾಕೆಂದು ಕೇಳಿದರೆ, ‘ಅವನಷ್ಟು ಚೆನ್ನಾಗಿ ಹಿಡಿಯೋರು ಬೇರೆ ಯಾರಿದ್ದಾರೆ ಸಾರ್’ ಎಂಬ ಉತ್ತರ ಬರುತ್ತದೆ. ಈ ರೂಢಿ ನಿಲ್ಲಬೇಕು. ಶಾಲಾ ಮಟ್ಟದ ಪಂದ್ಯಗಳಲ್ಲಿ ತಂಡದ ಮುಖ್ಯ ರೈಡರ್ ಕಾರ್ನರ್‌ನಲ್ಲಾಗಲಿ, ಸಾಲಿನ ನಡುಭಾಗದ ಕವರ್‌ನಲ್ಲಾಗಲಿ ನಿಲ್ಲಬಾರದು. ಮೊದಲ ಹಿಡಿತ ಅವನದಾಗಬಾರದು.

ಗಾಯದ ಮಾತು ಆಮೇಲೆ ಇರಲಿ, ಬರೀ ಗೆಲುವಿನ ಲೆಕ್ಕ ಹಾಕಿದರೂ ಇದು ನಷ್ಟದ ವ್ಯವಹಾರ. ಔಟಾದವನು ಮತ್ತೆ ಒಳಗೆ ಬರುವುದು ತನ್ನ ತಂಡ ಮುಟ್ಟಿ ಅಥವಾ ಹಿಡಿದು ಪಾಯಿಂಟ್ ತಂದಾಗ ಮಾತ್ರ, ಅದೂ ಔಟಾದ ಸರದಿಯಲ್ಲೇ. ಬೋನಸ್ ಪಾಯಿಂಟಿಗೆ ಯಾರೂ ಒಳಗೆ ಬರುವುದಿಲ್ಲ. ಔಟಾದವನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ನಿಯಮದಲ್ಲಿ ಅವಕಾಶವಿಲ್ಲ. ಈಗ ಯೋಚಿಸಿ: ಕಾರ್ನರ್‌ನಲ್ಲಿದ್ದ ನಿಮ್ಮ ರೈಡರ್ ಕಾಲಿಗೆ ಕೈ ಹಾಕಿದ, ಹಿಡಿತ ಜಾರಿತು, ಎದುರಾಳಿ ಮಧ್ಯಗೆರೆ ಮುಟ್ಟಿದ. ಒಂದು ಪಾಯಿಂಟ್ ಹೋಯಿತು, ಜೊತೆಗೆ ಪಾಯಿಂಟ್ ತರಬೇಕಾದವನೇ ಹೊರಗೆ ಕೂತ. ಅವನಿಗಿಂತ ಮೊದಲೇ ಇಬ್ಬರು ಔಟಾಗಿದ್ದರೆ ಅವನ ಸರದಿ ಬರಲು ಮೂರು ಪಾಯಿಂಟ್ ಬೇಕು. ತರುವವರು ಯಾರು? ಒಂದು ರೈಡ್‌ಗೆ 30 ಸೆಕೆಂಡ್ ಎಂದರೆ ನಿಮ್ಮ ಒಂದು ರೈಡ್‌ನಿಂದ ಮುಂದಿನ ರೈಡ್‌ಗೆ ಸುಮಾರು ಒಂದು ನಿಮಿಷ. ಉಳಿದವರು ನಾಲ್ಕು ಸಲ ಹೋಗಿ ಪಾಯಿಂಟ್ ತರದಿದ್ದರೆ ನಾಲ್ಕು ನಿಮಿಷ ಕರಗಿತು. ಎಷ್ಟೋ ಶಾಲೆಗಳು ಮುನ್ನಡೆಯಲ್ಲಿದ್ದು ಸೋಲುವುದು ಈ ನಾಲ್ಕು ನಿಮಿಷದಲ್ಲೇ.

ಇನ್ನು ಗಾಯ. ಕಾರ್ನರ್ ಆಟಗಾರ ಪಾದದ ಗಂಟು ಹಿಡಿಯುವ ಆ್ಯಂಕಲ್ ಹೋಲ್ಡ್‌ಗೆ ಇಳಿದಾಗ ಅವನ ಮುಖ ಎದುರಾಳಿಯ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಹಿಡಿಸಿಕೊಂಡವನು ಇನ್ನೊಂದು ಕಾಲಿನಿಂದ ಜಾಡಿಸುವುದು ಸಹಜ. ಮೂಗು, ಹಲ್ಲು, ಕತ್ತು, ಬೆರಳು ಎಲ್ಲವೂ ಆ ಒದೆತದ ದಾರಿಯಲ್ಲಿರುತ್ತವೆ. ತಲೆಯನ್ನು ಕಾಲಿನ ಹೊರಮಗ್ಗುಲಿಗೆ ತಂದುಕೊಳ್ಳದೆ ಎರಡು ಕಾಲಿನ ನಡುವೆ ತಲೆ ತೂರಿಸಿದರೆ ಮೇಲೆ ಬೀಳುವ ಭಾರವೆಲ್ಲ ಕತ್ತಿನ ಮೇಲೆಯೇ. ಕವರ್ ಆಟಗಾರನದು ಬೇರೆ ತೊಂದರೆ. ಓಡಿ ಬಂದು ಭುಜದಿಂದ ಡ್ಯಾಶ್ ಕೊಡುವಾಗ, ಅಂದರೆ ಗುದ್ದಿ ಹೊರದೂಡುವಾಗ, ತೋಳು ದೇಹದಿಂದ ದೂರ ಚಾಚಿದ್ದರೆ ಭುಜದ ಕೀಲು ಕಳಚುತ್ತದೆ. ಹದಿಹರೆಯದಲ್ಲಿ ಒಮ್ಮೆ ಕಳಚಿದ ಭುಜ ಮತ್ತೆ ಮತ್ತೆ ಕಳಚುವ ಸಾಧ್ಯತೆ ಬಹಳ ಹೆಚ್ಚು. ಇಬ್ಬರು ಕೈ ಕೈ ಹಿಡಿದು ಚೈನ್ ಮಾಡುವಾಗ ಬೆರಳಿಗೆ ಬೆರಳು ಹೆಣೆದುಕೊಂಡರೆ ರೈಡರ್ ನಡುವೆ ನುಗ್ಗಿದಾಗ ಬೆರಳಿನ ಗೆಣ್ಣೇ ತಿರುಚಿಕೊಳ್ಳುತ್ತದೆ.

ಎಲ್ಲಕ್ಕಿಂತ ದುಬಾರಿಯಾದದ್ದು ಮೊಣಕಾಲು. ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಮೊಣಕಾಲು ಒಳಕ್ಕೆ ಬಾಗಿದೆ, ಮೈ ಇನ್ನೊಂದು ಕಡೆ ತಿರುಗಿದೆ. ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೀಗೆ. ರೈಡ್ ಮಾಡುವಾಗಲೂ ಈ ಅಪಾಯ ಇದ್ದೇ ಇದೆ. ಆದರೆ ರೈಡ್‌ನಲ್ಲಿ ಎಲ್ಲಿ ಹೆಜ್ಜೆ ಇಡಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಅವನ ಕೈಯಲ್ಲಿರುತ್ತದೆ. ಹಿಡಿಯಲು ಹೋದಾಗ ಅವನ ಕಾಲ ಮೇಲೆ ಎದುರಾಳಿಯೊಂದಿಗೆ ತನ್ನದೇ ತಂಡದ ನಾಲ್ವರೂ ಬೀಳುತ್ತಾರೆ. ಯಾವ ಕೋನದಲ್ಲಿ ಬೀಳುತ್ತಾರೆ ಎಂಬುದು ಯಾರ ಕೈಯಲ್ಲೂ ಇಲ್ಲ. ಹದಿಹರೆಯದ ಹುಡುಗಿಯರಲ್ಲಿ ಈ ರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಬಾಲಕಿಯರ ತಂಡದ ತರಬೇತುದಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಶಸ್ತ್ರಚಿಕಿತ್ಸೆ ಮಾಡಿಸಿದರೂ ಮತ್ತೆ ಆಡಲು ಕನಿಷ್ಠ 9 ತಿಂಗಳು ಕಾಯಬೇಕು. 13–15ರ ವಯಸ್ಸಿನಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಭಾಗ ಇನ್ನೂ ಮುಚ್ಚಿರುವುದಿಲ್ಲವಾದ್ದರಿಂದ ಆ ಶಸ್ತ್ರಚಿಕಿತ್ಸೆಯೇ ಸೂಕ್ಷ್ಮವಾದದ್ದು. ಒಂಬತ್ತನೇ ತರಗತಿಯಲ್ಲಿ ಪೆಟ್ಟಾದ ಹುಡುಗನಿಗೆ ಹತ್ತನೇ ತರಗತಿಯ ಕ್ರೀಡಾಕೂಟವೂ ಕೈತಪ್ಪುತ್ತದೆ. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಯ ಆಸೆ ಅಲ್ಲಿಗೆ ಮುಗಿಯಿತು.

ಪವನ್ ಸೆಹ್ರಾವತ್ ಅವರ ಉದಾಹರಣೆ ಎಲ್ಲರ ಕಣ್ಣ ಮುಂದೆಯೇ ನಡೆದದ್ದು. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟ ರೈಡರ್ ಅವರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತು, ಅಲ್ಲಿಯವರೆಗಿನ ದಾಖಲೆ ಬೆಲೆ. ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಂಡದ ಮೊದಲನೇ ಪಂದ್ಯ. ಮೊಣಕಾಲಿಗೆ ಪೆಟ್ಟಾದದ್ದು ರೈಡ್ ಮಾಡುವಾಗ ಅಲ್ಲ, ಎದುರಾಳಿ ರೈಡರ್‌ನನ್ನು ಹಿಡಿಯಲು ಹೋದಾಗ. ಇಡೀ ಸೀಸನ್ ಹೋಯಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ನಾಯಕರಾಗಿ ಚಿನ್ನ ಗೆದ್ದರು ನಿಜ. ಆದರೆ ಅವರ ಹಿಂದೆ ಶಸ್ತ್ರಚಿಕಿತ್ಸಕರು, ಫಿಸಿಯೋ, ತಿಂಗಳುಗಟ್ಟಲೆ ಪುನಶ್ಚೇತನ ಇದ್ದವು. ಪಾವಗಡದ ಹಳ್ಳಿಯ ಹುಡುಗನ ಹಿಂದೆ ಏನಿದೆ?

ದೊಡ್ಡ ಆಟಗಾರರು ಎರಡೂ ಮಾಡುತ್ತಾರಲ್ಲ ಎಂದು ಕೆಲವರು ಕೇಳಬಹುದು. ಮಂಜೀತ್ ಚಿಲ್ಲರ್ ಅವರಂಥ ಆಲ್‌ರೌಂಡರ್‌ಗಳನ್ನು ನೋಡಿಯೇ ಹುಡುಗರಿಗೂ ಆಸೆ ಹುಟ್ಟುತ್ತದೆ. ಅವರು ಬೆಳೆದ ಮೂಳೆಯ ವಯಸ್ಕರು, ವರ್ಷಗಟ್ಟಲೆ ತೂಕ ಎತ್ತಿ ತೊಡೆ, ಸೊಂಟ, ಕತ್ತು ಗಟ್ಟಿ ಮಾಡಿಕೊಂಡವರು. ಎಂಟನೇ ತರಗತಿಯ ಹುಡುಗನಿಗೆ ಹಿಡಿತ ಕಲಿಸಬೇಡಿ ಎಂದು ನಾವು ಹೇಳುತ್ತಿಲ್ಲ, ಅಭ್ಯಾಸದಲ್ಲಿ ಎಲ್ಲರೂ ಎಲ್ಲವನ್ನೂ ಕಲಿಯಲಿ. ಪಂದ್ಯದಲ್ಲಿ ಯಾರನ್ನು ಯಾವ ಕೆಲಸಕ್ಕೆ ಹಚ್ಚುತ್ತೀರಿ ಎಂಬುದಷ್ಟೇ ಪ್ರಶ್ನೆ.

ರೈಡರ್ ಎಲ್ಲಿ ನಿಲ್ಲಬೇಕು? ಕಾರ್ನರ್ ಮತ್ತು ಕವರ್ ನಡುವಿನ ‘ಇನ್’ ಜಾಗದಲ್ಲಿ. ಕಾರ್ನರ್‌ನವನ ಮಣಿಕಟ್ಟು ಹಿಡಿದು ಅವನ ಜೊತೆಗೇ ಹಿಂದೆ ಮುಂದೆ ಸರಿಯಲಿ. ಬೆರಳು ಹೆಣೆಯುವುದು ಬೇಡ. ಕಾರ್ನರ್ ಕೆಳಗಿಳಿದ ಕ್ಷಣಕ್ಕೆ ಕೈ ಬಿಟ್ಟು ಮಧ್ಯಗೆರೆಯ ದಾರಿಗೆ ಅಡ್ಡ ಬರಲಿ, ನಿಂತುಕೊಂಡೇ, ಸೊಂಟದ ಮೇಲ್ಭಾಗಕ್ಕೆ ಮಾತ್ರ ಕೈ ಹಾಕಲಿ. ನೆಲಕ್ಕೆ ಬಿದ್ದ ಗುಂಪಿನ ಮೇಲೆ ಹಾರಬಾರದು, ಅಂಕಣದ ಪಕ್ಕದ ಪಟ್ಟಿಯಾದ ಲಾಬಿಯ ಅಂಚಿನಲ್ಲಿ ಡ್ಯಾಶ್ ಕೊಡಬಾರದು. ಅಂಕಣದಲ್ಲಿ ಇಬ್ಬರೋ ಮೂವರೋ ಉಳಿದು ಅವರಲ್ಲಿ ಅವನೂ ಒಬ್ಬನಾಗಿದ್ದರೆ ಅವನಿಂದಲೇ ಹಿಡಿಸಬೇಕೆಂದು ಕೋಚ್‌ಗೆ ಬರುವ ಸೆಳೆತ ನಮಗೆ ಗೊತ್ತು. ಆಗಲೂ ಅವನು ದೂರವೇ ಉಳಿದು ತನ್ನ ರೈಡ್‌ಗೆ ಕಾಯಲಿ. ಲೋನಾ ಹೋದರೆ, ಅಂದರೆ ಇಡೀ ತಂಡ ಔಟಾದರೆ, ಹೋಗುವುದು ಎರಡು ಹೆಚ್ಚುವರಿ ಪಾಯಿಂಟ್, ಏಳೂ ಜನ ಮತ್ತೆ ಒಳಗೆ ಬರುತ್ತಾರೆ.

ಹಾಗಾದರೆ ಹಿಡಿಯುವವರು ಯಾರು? ಅವರನ್ನು ತಯಾರು ಮಾಡಬೇಕು. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಹೋಬಳಿ ಕೂಟಕ್ಕೆ ಆರು ವಾರವಾದರೂ ಸಿಕ್ಕೀತು. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಸಾಕು. ರೈಡಿಂಗ್ ಬಾರದ ಆದರೆ ಸೊಂಟ ಗಟ್ಟಿ ಇರುವ ನಾಲ್ವರು ಹುಡುಗರನ್ನು ಆರಿಸಿಕೊಳ್ಳಿ. ಮೊದಲ ವಾರ ಬರೀ ಬೀಳುವುದನ್ನು ಕಲಿಸಿ: ಕೈ ಊರಿ ಬೀಳಬಾರದು, ಭುಜದ ಮೇಲೆ ಉರುಳಬೇಕು. ಕೈ ಊರಿದವನೇ ಮಣಿಕಟ್ಟು ಮುರಿದುಕೊಳ್ಳುವುದು. ಎರಡನೇ ವಾರ ಮಂಡಿಯೂರಿ ಕುಳಿತು ನಡೆದು ಬರುವ ಜೊತೆಗಾರನ ಕಾಲು ಹಿಡಿಯುವುದು, ಎರಡೂ ಮಗ್ಗುಲಿಗೆ ಹತ್ತು ಹತ್ತು ಸಲ. ಎರಡು ಕೈಯಿಂದ ಪಾದದ ಗಂಟು ಬಿಗಿದು ಎದೆಯ ಕಡೆಗೆ ಎತ್ತಬೇಕು, ಪಕ್ಕಕ್ಕೆ ತಿರುಚಬಾರದು. ತಿರುಚಿದರೆ ಮುರಿಯುವುದು ಎದುರಿನ ಹುಡುಗನ ಕಾಲು, ಅವನೂ ಯಾರದೋ ಮನೆಯ ಮಗ. ಮೂರನೇ ವಾರದಿಂದ ನಿಂತ ಭಂಗಿಯಲ್ಲಿ, ಆಮೇಲೆ ಅರ್ಧ ವೇಗದಲ್ಲಿ, ಕೊನೆಯ ಎರಡು ವಾರ ಪೂರ್ತಿ ವೇಗದಲ್ಲಿ. ಈ ಎರಡು ವಾರ ಅವರ ಮೇಲೆ ರೈಡ್‌ಗೆ ಹೋಗಬೇಕಾದವನು ನಿಮ್ಮ ಮುಖ್ಯ ರೈಡರ್. ಅವನಿಗೂ ಅಭ್ಯಾಸ, ಇವರಿಗೂ ಅಭ್ಯಾಸ. ಪ್ರತಿ ದಿನ ಮೊದಲ 15 ನಿಮಿಷ ಒಂಟಿ ಕಾಲಿನಲ್ಲಿ ಜಿಗಿದು ನಿಲ್ಲುವುದು, ಬಸ್ಕಿ, ತೊಡೆಯ ಹಿಂಭಾಗದ ವ್ಯಾಯಾಮ ಇರಲಿ. ಜಿಗಿದು ನಿಂತಾಗ ಮೊಣಕಾಲು ಹೆಬ್ಬೆರಳಿಗಿಂತ ಒಳಗೆ ವಾಲುವ ಹುಡುಗನನ್ನು ತಿದ್ದದೆ ಅಂಕಣಕ್ಕೆ ಇಳಿಸಬಾರದು.

ನೆಲದ ವಿಚಾರವೂ ಇದೆ. ನಮ್ಮ ಜಿಲ್ಲೆಯ ಬಹಳಷ್ಟು ಶಾಲಾ ಮೈದಾನ ಗರಸು ಮಣ್ಣು, ಬೆಣಚುಕಲ್ಲಿನ ಚೂರು. ಅಂಕಣದ ಜಾಗವನ್ನು ಅಗೆದು, ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣಿಗೆ ಮರದ ಹೊಟ್ಟು ಬೆರೆಸಿ ಹರಡಿ, ಹಿಂದಿನ ಸಂಜೆ ನೀರು ಚಿಮುಕಿಸಬೇಕು. ಗೆರೆಗೆ ಸುಣ್ಣದ ಪುಡಿ ಬೇಡ. ಬಿದ್ದವನ ಕಣ್ಣಿಗೆ ಹೋದರೆ ಸುಡುತ್ತದೆ. ಸೀಮೆಸುಣ್ಣದ ಪುಡಿಯೋ ರಂಗೋಲಿ ಪುಡಿಯೋ ಸಾಕು. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರು ಜಿಲ್ಲಾ ಮಟ್ಟಕ್ಕೆ ಹೋಗಿ ಮೊದಲ ಸಲ ಶೂ ಹಾಕಿಕೊಂಡು ಮ್ಯಾಟ್ ಮೇಲೆ ನಿಂತಾಗ ಪಾದ ಜಾರುವುದೇ ಇಲ್ಲ, ಮೈ ಮಾತ್ರ ತಿರುಗುತ್ತದೆ. ಆ ಪಂದ್ಯಕ್ಕೆ ಮೊದಲು ಎರಡು ದಿನವಾದರೂ ಮ್ಯಾಟ್ ಮೇಲೆ ಅಭ್ಯಾಸ ಬೇಕು.

ಪೆಟ್ಟಾದರೆ ಸ್ಪ್ರೇ ಹೊಡೆದು ಮತ್ತೆ ಇಳಿಸುವ ಕೆಲಸ ದಯವಿಟ್ಟು ಬೇಡ. ಮೊಣಕಾಲಿನಲ್ಲಿ ‘ಟಪ್’ ಎಂದು ಸದ್ದಾಗಿ, ಎರಡು ಮೂರು ಗಂಟೆಯೊಳಗೆ ಊದಿಕೊಂಡರೆ ರಜ್ಜು ಹರಿದಿರುವ ಶಂಕೆ ಬಲವಾಗಿದೆ. ತಿಕ್ಕಬಾರದು, ಎಳೆಯಬಾರದು. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಟ್ಟು, ಕಾಲಿಗೆ ಭಾರ ಬೀಳದಂತೆ ಆಸ್ಪತ್ರೆಗೆ ಸಾಗಿಸಿ. ಕಳಚಿದ ಭುಜವನ್ನು ಮೈದಾನದಲ್ಲೇ ಎಳೆದು ಕೂರಿಸಲು ಹೋಗಬೇಡಿ, ಟವೆಲ್‌ನಿಂದ ಕೈಯನ್ನು ಎದೆಗೆ ಕಟ್ಟಿ ಕಳಿಸಿ. ತಲೆಗೆ ಏಟು ಬಿದ್ದು ಕಣ್ಣು ಮಂಜಾದ, ಸ್ಕೋರ್ ಮರೆತ, ವಾಂತಿ ಬಂದ ಹುಡುಗ ಅಂದು ಮತ್ತೆ ಆಡುವಂತಿಲ್ಲ, ಫೈನಲ್ ಆದರೂ ಅಷ್ಟೇ.

ಕೂಟ ನಡೆಸುವವರಿಗೂ ಒಂದು ಮಾತು. 16 ತಂಡಗಳ ನಾಕೌಟ್ ಒಂದೇ ದಿನ ಮುಗಿಸಿದರೆ ಗೆಲ್ಲುವ ತಂಡ ಬೆಳಗಿನಿಂದ ಸಂಜೆಗೆ ನಾಲ್ಕು ಪಂದ್ಯ ಆಡುತ್ತದೆ. ಎಷ್ಟೋ ಕಡೆ ಆ ಮುಖ್ಯ ರೈಡರ್ ನಡುವೆ ಹೋಗಿ ಖೊಖೊ ಆಡಿ, ರಿಲೇ ಓಡಿ ಬಂದಿರುತ್ತಾನೆ. ದಣಿದ ತೊಡೆ ಮೊಣಕಾಲನ್ನು ಕಾಯುವುದಿಲ್ಲ. ಎರಡು ದಿನ ಮಾಡಿ, ಒಂದು ತಂಡಕ್ಕೆ ದಿನಕ್ಕೆ ಎರಡೇ ಪಂದ್ಯ ಇಡಿ, ನಡುವೆ ಒಂದು ಗಂಟೆಯ ಬಿಡುವಿರಲಿ. ತಂಡಕ್ಕೆ 12 ಜನರ ಅವಕಾಶವಿದ್ದರೂ ಎಂಟು ಜನರನ್ನು ಕರೆತರುವ ಶಾಲೆಗಳಿವೆ, ಪ್ರಯಾಣದ ಖರ್ಚಿನ ಕಾರಣಕ್ಕೆ. ಬದಲಿ ಹುಡುಗರೇ ಇಲ್ಲದಿದ್ದರೆ ಕುಂಟುವವನೂ ನಿಲ್ಲಬೇಕಾಗುತ್ತದೆ. ತುಮಕೂರು ಮತ್ತು ಮಧುಗಿರಿ, ಎರಡೂ ಶೈಕ್ಷಣಿಕ ಜಿಲ್ಲೆಗಳ ಅಧಿಕಾರಿಗಳು ಈ ವರ್ಷದ ಹೋಬಳಿ ಕೂಟದ ಸುತ್ತೋಲೆಯಲ್ಲೇ ದಿನಕ್ಕೆರಡು ಪಂದ್ಯದ ಮಿತಿ, ಪ್ರತಿ ಅಂಕಣದ ಬಳಿ ಐಸ್ ಪೆಟ್ಟಿಗೆ ಮತ್ತು 12 ಮಕ್ಕಳಿಗೂ ಪ್ರಯಾಣ ಭತ್ಯೆ, ಈ ಮೂರನ್ನು ಸೇರಿಸಬೇಕೆಂದು ಕೋರುತ್ತೇವೆ.

– ಕೆಲವು ದೈಹಿಕ ಶಿಕ್ಷಣ ಶಿಕ್ಷಕರು, ತುಮಕೂರು ಜಿಲ್ಲೆ