ಬಾಣಬಿರುಸಿಗೆ ಹಾಡು ಆರಿಸುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಚಿತ್ರದುರ್ಗದ ಉತ್ಸವವೊಂದರ ಕೊನೆಯ ರಾತ್ರಿ ಬಾಣಬಿರುಸು ಹಾರಿಸಿದರು. ನಾನು, ನನ್ನ ಹೆಂಡತಿ, ಆರು ವರ್ಷದ ಮೊಮ್ಮಗಳು ಸಂತೆಹೊಂಡದ ಹತ್ತಿರ ನಿಂತು ನೋಡಿದೆವು. ಹಸಿರು ಬಂತು, ಕೆಂಪು ಬಂತು. ಆಮೇಲೆ ಬಂಗಾರದ ಬಣ್ಣದ್ದೊಂದು ಮೇಲೇರಿ, ಹೊಂಬಾಳೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು, ಎಳೆ ಎಳೆಯಾಗಿ ಕೆಳಗಿಳಿಯತೊಡಗಿತು. ಬಾಯಿ ತೆರೆದು ನೋಡುತ್ತಿದ್ದ ಮಗು ಅಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡಳು. ಅವಳಿಗೆ ತೊಂದರೆಯಾದದ್ದು ಪಟಾಕಿಯ ಸದ್ದಿನಿಂದಲ್ಲ, ಮೈದಾನದಲ್ಲಿ ಪೇರಿಸಿದ್ದ ಸ್ಪೀಕರ್ ಬಾಕ್ಸ್‌ಗಳಿಂದ ಬರುತ್ತಿದ್ದ ಡಿ.ಜೆ. ಹಾಡಿನಿಂದ. ಅಷ್ಟು ನಿಧಾನವಾಗಿ ಇಳಿಯುವ ಬೆಳಕಿಗೆ ಅಷ್ಟು ಅವಸರದ ಹಾಡನ್ನು ಯಾರು ಜೋಡಿಸಿದರೋ ತಿಳಿಯದು. ಮನೆಗೆ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ.

1986ರಿಂದ 2019ರವರೆಗೆ ನಾನು ಮೈಕ್‌ಸೆಟ್ ಅಂಗಡಿ ನಡೆಸಿದವನು. ಹುಣಸೆ ಮರಕ್ಕೆ ಹಾರ್ನ್ ಕಟ್ಟಿ ಗ್ರಾಮಫೋನ್ ತಟ್ಟೆ ಹಾಕುತ್ತಿದ್ದ ಕಾಲದಿಂದ ಪೆನ್‌ಡ್ರೈವ್ ಕಾಲದವರೆಗೆ ಮದುವೆ, ನಾಟಕ, ನಾಯಕನಹಟ್ಟಿ ಜಾತ್ರೆ ಎಂದು ಸುತ್ತಿದ್ದೇನೆ. ಎಲ್ಲ ಕಡೆಯೂ ಒಂದೇ ಸಂಗತಿ ಕಂಡಿದ್ದೇನೆ. ಬಾಣಬಿರುಸಿನ ಮದ್ದಿಗೆ ತಿಂಗಳ ಮೊದಲೇ ಶಿವಕಾಶಿಗೆ ಮುಂಗಡ ಹೋಗುತ್ತದೆ; ಹಾಡಿನ ಮಾತು ಬರುವುದು ಅದೇ ಸಂಜೆ, ಅದೂ ಯಾರದೋ ಜೇಬಿನ ಪೆನ್‌ಡ್ರೈವ್ ಮೂಲಕ. ಹಾಡನ್ನು ಮೊದಲು ಆರಿಸಿ, ಆಮೇಲೆ ಅದಕ್ಕೆ ಒಪ್ಪುವ ಮದ್ದನ್ನು ತರಿಸಿ ಎಂಬುದು ಉತ್ಸವ ಸಮಿತಿಗಳಿಗೆ ನನ್ನ ವಿನಂತಿ.

ಇದರಲ್ಲಿ ಲೆಕ್ಕಾಚಾರವೂ ಇದೆ. ಬೆಳಕು ಕಣ್ಣಿಗೆ ಆ ಕ್ಷಣವೇ ಮುಟ್ಟುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ನಡೆಯುತ್ತದೆ. ಮೈದಾನದಿಂದ ಏಳುನೂರು ಮೀಟರ್ ದೂರ ನಿಂತವನಿಗೆ ಬೆಳಕಿನ ಹೂವು ಕಂಡು ಎರಡು ಸೆಕೆಂಡು ಕಳೆದ ಮೇಲೆ ‘ಢಂ’ ಕೇಳುತ್ತದೆ. ಬಾಕ್ಸ್‌ಗಳನ್ನೆಲ್ಲ ವೇದಿಕೆಯ ಪಕ್ಕದಲ್ಲೇ ಪೇರಿಸಿದರೆ ಹಾಡು ಕೂಡ ಅಷ್ಟೇ ತಡ. ಬಾಕ್ಸ್‌ಗಳನ್ನು ಜನರ ನಡುವೆ ಹಂಚಿ ನಿಲ್ಲಿಸಿದರೆ ಹಾಡು ಬೆಳಕಿನ ಜೊತೆಗೆ ಬರುತ್ತದೆ. ಆದರೆ ಸ್ಫೋಟದ ಸದ್ದು ಆಗಲೂ ಹಿಂದಿನಿಂದಲೇ ಬರುವುದು, ಅದನ್ನು ಯಾರೂ ತಪ್ಪಿಸಲಾರರು. ಆದ್ದರಿಂದ ಹಾಡಿನೊಳಗೆ ಆ ಸದ್ದಿಗೆ ಕೂರಲು ಜಾಗ ಇರಬೇಕು. ಒಂದು ಉಸಿರಿನಷ್ಟೂ ಬಿಡುವಿಲ್ಲದೆ ಬಡಿಯುವ ಡಿ.ಜೆ. ತಾಳದಲ್ಲಿ ಅದಕ್ಕೆ ಜಾಗವಿಲ್ಲ. ಮಾತಿರುವ ಹಾಡಂತೂ ಬೇಡವೇ ಬೇಡ. ಹತ್ತಿರದ ಬಾಕ್ಸಿನ ಮಾತು ಮೊದಲು, ದೂರದ ಬಾಕ್ಸಿನ ಮಾತು ಆಮೇಲೆ ಕಿವಿಗೆ ಬಿದ್ದು, ಎರಡೂ ಕಲಸಿ ಒಂದು ಪದವೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ದೊಡ್ಡ ಶೆಲ್, ಎಂದರೆ ಆಕಾಶದಲ್ಲಿ ಬಿರಿಯುವ ಮದ್ದಿನ ಗುಂಡು, ಕೊಳವೆಯಿಂದ ಹೊರಟು ಮೇಲೆ ಬಿರಿಯಲು ಮೂರು ನಾಲ್ಕು ಸೆಕೆಂಡು ಬೇಕು. ಸಣ್ಣದಕ್ಕೆ ಕಡಿಮೆ ಸಾಕು. ತಾಳದ ಪೆಟ್ಟು ಬಿದ್ದಾಗ ಗುಂಡಿ ಒತ್ತಿದರೆ ಹೂವು ಅರಳುವಾಗ ಆ ಪೆಟ್ಟು ಎಲ್ಲಿಗೋ ಹೋಗಿರುತ್ತದೆ. ಬೇರೆ ದೇಶಗಳಲ್ಲಿ ಹಾಡನ್ನು ಮೊದಲೇ ಕಂಪ್ಯೂಟರಿನಲ್ಲಿ ಅಳೆದು, ಏರುವ ಹೊತ್ತನ್ನು ಕಳೆದು, ವಿದ್ಯುತ್ ತಂತಿಯಿಂದ ಒಂದೊಂದನ್ನೂ ಹಾರಿಸುತ್ತಾರೆ. ನಮ್ಮ ಸಣ್ಣ ಊರುಗಳಲ್ಲಿ ಉದ್ದ ಕೋಲಿಗೆ ಬೆಂಕಿ ಕಟ್ಟಿಕೊಂಡು ಹಚ್ಚುವವರೇ ಹೆಚ್ಚು. ಅಂಥಲ್ಲಿ ತಾಳಕ್ಕೆ ತಾಳ ಕೂಡಿಸುವ ಆಸೆಯನ್ನೇ ಬಿಡಬೇಕು. ಶಹನಾಯಿಯ ಒಂದು ನಿಧಾನವಾದ ಆಲಾಪ ಹಾಕಿ ನೋಡಿ. ಹೂವು ಎರಡು ಸೆಕೆಂಡು ಮುಂಚೆ ಅರಳಿದರೂ ಚೆನ್ನ, ಆಮೇಲೆ ಅರಳಿದರೂ ಚೆನ್ನ.

ನನಗೆ ಇದನ್ನು ಕಲಿಸಿದ್ದು ಚಳ್ಳಕೆರೆ ಕಡೆಯ ಒಂದು ಹಳ್ಳಿ. ತೊಂಬತ್ತರ ದಶಕದ ಆರಂಭ. ಜಾತ್ರೆಯ ರಾತ್ರಿ ಮದ್ದು ಹಾರಿಸುತ್ತಿದ್ದಾಗಲೇ ನನ್ನ ಆಂಪ್ಲಿಫೈಯರ್ ಸುಟ್ಟುಹೋಯಿತು. ಬಯ್ಯುತ್ತಾರೆಂದು ನಾನು ಬೆವರುತ್ತಿದ್ದೆ. ರಥದ ಬಳಿ ಉರುಮೆ ಎಂಬ ಎರಡು ಮುಖದ ಚರ್ಮವಾದ್ಯ ಬಾರಿಸುವವರು ನಾಲ್ಕು ಜನ ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು ಎದ್ದು, ವಾದ್ಯವನ್ನು ಕೊರಳಿಗೆ ಹಾಕಿಕೊಂಡು ಆಕಾಶ ನೋಡುತ್ತಾ ನಿಂತರು. ಹೂವು ಅರಳಿತು, ಅವರು ಬಾರಿಸಲಿಲ್ಲ. ‘ಢಂ’ ಎಂದಿತು, ಆಗ ಒಂದೇ ಪೆಟ್ಟು. ಆಮೇಲೆ ಕಿಡಿಗಳು ಇಳಿಯುವಷ್ಟು ಹೊತ್ತೂ ಇನ್ನೊಂದು ಮುಖವನ್ನು ಕೋಲಿನಿಂದ ಉಜ್ಜುತ್ತಾ ಹೋದರು. ಉರುಮೆಯ ಆ ನರಳುವ ದನಿ ಕೇಳಿದವರಿಗೆ ಗೊತ್ತು, ಅದು ಎದೆಯೊಳಗಿನಿಂದ ಬಂದ ಹಾಗಿರುತ್ತದೆ. ಕಿಡಿ ಆರಿತು, ದನಿಯೂ ನಿಂತಿತು. ಜನ ಗಲಾಟೆ ಮರೆತು ಮುಂದಿನದಕ್ಕೆ ಕಾದರು. ಉಳಿದ ಮೂವರೂ ಸೇರಿಕೊಂಡ ಮೇಲೆ ನನ್ನ ಮೈಕ್‌ಸೆಟ್ಟು ಕೆಟ್ಟದ್ದು ಯಾರಿಗೂ ನೆನಪಿರಲಿಲ್ಲ. ಮೂವತ್ತಮೂರು ವರ್ಷದಲ್ಲಿ ನಾನು ಕೇಳಿದ ಅತ್ಯುತ್ತಮ ಬಾಣಬಿರುಸಿನ ಸಂಗೀತ ಅದೇ.

ಇಂಗ್ಲೆಂಡಿನಲ್ಲಿ 1749ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಅರಸ ಎರಡನೇ ಜಾರ್ಜ್ ದೊಡ್ಡ ಬಾಣಬಿರುಸು ಏರ್ಪಡಿಸಿ, ಅದಕ್ಕೆಂದೇ ಹ್ಯಾಂಡೆಲ್ ಎಂಬ ಸಂಗೀತಗಾರನಿಂದ ಸಂಗೀತ ಬರೆಸಿದನಂತೆ. ಇದನ್ನು ನನಗೆ ಓದಿ ಹೇಳಿದವಳು ಮಗಳು. ಯುದ್ಧದ ವಾದ್ಯಗಳಿರಲಿ, ಪಿಟೀಲು ಬೇಡ ಎಂಬುದು ಅರಸನ ಇಷ್ಟವಾಗಿತ್ತು. ಬಯಲಿನಲ್ಲಿ ಕೆಲಸ ಮಾಡಿದ ನನಗೆ ಆ ಮಾತು ತಕ್ಷಣ ಹಿಡಿಸಿತು. ತೆರೆದ ಮೈದಾನದಲ್ಲಿ ನಿಲ್ಲುವುದು ಊದುವ ಮತ್ತು ಬಡಿಯುವ ವಾದ್ಯಗಳೇ. ಅಂದು ಮರದಲ್ಲಿ ಕಟ್ಟಿದ್ದ ಮಂಟಪಕ್ಕೆ ಬೆಂಕಿ ಬಿದ್ದು ಪ್ರದರ್ಶನ ಕೆಟ್ಟಿತಂತೆ, ಆದರೆ ಆ ಸಂಗೀತವನ್ನು ಇಂದಿಗೂ ನುಡಿಸುತ್ತಾರೆ. ಊದುವುದಕ್ಕೆ, ಬಡಿಯುವುದಕ್ಕೆ ನಮ್ಮಲ್ಲಿ ಏನು ಕಡಿಮೆ? ಶಹನಾಯಿ, ಕಹಳೆ, ಡೊಳ್ಳು, ಸಮಾಳ, ಉರುಮೆ ಎಲ್ಲ ನಮ್ಮ ಜಿಲ್ಲೆಯ ಹಟ್ಟಿಗಳಲ್ಲೇ ಇವೆ. ಬೆಳಿಗ್ಗೆಯ ಮೆರವಣಿಗೆಯಲ್ಲಿ ಮೈಲಿಗಟ್ಟಲೆ ಬಾರಿಸಿದ ಕಲಾವಿದರನ್ನು ರಾತ್ರಿ ಊಟ ಹಾಕಿ ಕಳಿಸಿಬಿಡುತ್ತೇವೆ. ನನಗೆ ಇದು ಬಹಳ ನೋವು ಕೊಡುವ ವಿಷಯ.

ನಮ್ಮ ಊರಿಗೆ ಇನ್ನೊಂದು ಭಾಗ್ಯವಿದೆ. ಕೋಟೆಯ ಬಂಡೆಗಳು ಪ್ರತಿ ಸದ್ದನ್ನೂ ಹಿಂದಿರುಗಿಸುತ್ತವೆ. ಒಂದು ‘ಢಂ’ ಎಂದರೆ ಬೆಟ್ಟದ ಕಡೆಯಿಂದ ಅದು ಉರುಳಿಕೊಂಡು ಮತ್ತೆ ಬರುತ್ತದೆ. ಆ ಮಾರ್ದನಿ ಮುಗಿಯುವವರೆಗೆ ಸುಮ್ಮನಿರುವುದೂ ಸಂಗೀತವೇ. ಪ್ರದರ್ಶನದ ನಡುವೆ ಎರಡು ಸಲವಾದರೂ ಬಾಕ್ಸ್‌ಗಳನ್ನು ಪೂರಾ ನಿಲ್ಲಿಸಿ ಬಂಡೆಯ ದನಿಯನ್ನು ಜನರಿಗೆ ಕೇಳಿಸಬೇಕು.

ಪಟಾಕಿಯೇ ಬೇಡ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿಯಲ್ಲಿ ಸತ್ತ ಹುಡುಗರನ್ನು ನೆನೆದರೆ ನನಗೂ ಸಂಕಟವಾಗುತ್ತದೆ. ಅನುಮತಿ ಇದ್ದಲ್ಲಿ ಮಾತ್ರ, ಆಸ್ಪತ್ರೆಯಿಂದ ದೂರ, ರಾತ್ರಿ ಹತ್ತರೊಳಗೆ ಮುಗಿಯಬೇಕು. ಸಂಗೀತ ಸರಿಯಾಗಿದ್ದರೆ ಕಾಲು ಗಂಟೆಯೇ ಧಾರಾಳವಾಗುತ್ತದೆ, ಮದ್ದೂ ಅರ್ಧಕ್ಕರ್ಧ ಉಳಿಯುತ್ತದೆ.

ಮುಂದಿನ ಉತ್ಸವದ ಸಮಿತಿಯವರು ಮೂರು ವಾರ ಮೊದಲು ಒಂದು ಸಂಜೆ ಉರುಮೆಯವರನ್ನೂ ಶಹನಾಯಿಯವರನ್ನೂ ಮದ್ದು ಹಚ್ಚುವವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಲಿ. ಯಾವ ಬಣ್ಣಕ್ಕೆ ಯಾವ ವಾದ್ಯ, ಎಲ್ಲಿ ಮೌನ ಎಂದು ಅವರವರೇ ಮಾತಾಡಿಕೊಳ್ಳಲಿ. ಬಾಕ್ಸ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಮೈದಾನ ಅಳೆದು ತೋರಿಸಲು ನಾನು ಬರುತ್ತೇನೆ, ಹಣ ಬೇಡ. ಮೊಮ್ಮಗಳನ್ನೂ ಕರೆತರುತ್ತೇನೆ.

ಇಂತಿ,
ಹಳೆಯ ಮೈಕ್‌ಸೆಟ್ ಅಂಗಡಿಯವನು, ಚಿತ್ರದುರ್ಗ