ಆಟಿಕೆ ಅಂದೆಯಲ್ಲ, ಅದಕ್ಕೇ ಈ ಪತ್ರ

ಗೆಳೆಯಾ,

ಹೋದ ಭಾನುವಾರ ಮನೆಗೆ ಬಂದವನು ಗಾಜಿನ ಬೀರುವಿನ ಮುಂದೆ ನಿಂತು "ಏನೋ ಇದು, ಇಷ್ಟೊಂದು ಜೆಸಿಬಿ ಆಟಿಕೆ!" ಅಂದೆ. ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ನಕ್ಕಳು. ನಾನು ಕಾಫಿ ತರುವ ನೆಪ ಮಾಡಿ ಒಳಗೆ ಹೋದೆ. ಆಗ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಆ ಬೀರುವಿನಲ್ಲಿ ಜೆಸಿಬಿ ಇರುವುದು ಒಂದೇ ಒಂದು. ರಬ್ಬರ್ ಚಕ್ರ, ಮುಂದೆ ಅಗಲ ಬಕೆಟ್, ಹಿಂದೆ ಚೇಳಿನ ಕೊಂಡಿಯಂಥ ತೋಳು ಇದೆಯಲ್ಲ, ಅದು. ಪಕ್ಕದ, ಚೈನಿನ ಮೇಲೆ ಓಡುವ ಎಕ್ಸ್‌ಕವೇಟರನ್ನು, ಅಂದರೆ ಅಗೆಯುವ ಗಾಡಿಯನ್ನು, ನಮ್ಮ ಕಡೆ ಎಲ್ಲರೂ ಹಿಟಾಚಿ ಅಂತಾರೆ. ಅದೂ ಸರಿಯಲ್ಲ ಬಿಡು, ಅದು ಲೀಬ್‌ಹೆರ್ ಕಂಪನಿಯದು.

ಎಲ್ಲವೂ ಅಸಲಿ ಯಂತ್ರಗಳ 1:50 ಅಳತೆಯ ಲೋಹದ ಮಾದರಿಗಳು. ಅಸಲಿಯಲ್ಲಿ ಒಂದು ಮೀಟರ್ ಇದ್ದರೆ ಇಲ್ಲಿ ಎರಡು ಸೆಂಟಿಮೀಟರ್. ನೀನು ಎತ್ತಿ "ಅಬ್ಬಾ, ಏನು ಭಾರ" ಅಂದ ಡಂಪರ್ ಕ್ಯಾಟರ್‌ಪಿಲರ್ 797ಎಫ್. ಅಸಲಿ ಗಾಡಿ ಒಂದು ಸಲಕ್ಕೆ 363 ಟನ್ ಹೊರುತ್ತದೆ. ಅದರ ಟೈರಿನ ಎತ್ತರವೇ ಸುಮಾರು ನಾಲ್ಕು ಮೀಟರ್. ನಿನ್ನ ಹೆಗಲ ಮೇಲೆ ನಾನು ನಿಂತು ಕೈ ಚಾಚಿದರೆ ಮೇಲಂಚಿನ ಹತ್ತಿರ ಹೋಗಬಹುದು, ಆದರೆ ಈ ವಯಸ್ಸಿನಲ್ಲಿ ಬೇಡ. ಬೀರುವಿನಲ್ಲಿ ಅದೇ ಟೈರು ಎಂಟು ಸೆಂಟಿಮೀಟರ್.

ಭಾರದ್ದು ಒಂದು ತಮಾಷೆ ಇದೆ. ಉದ್ದ, ಅಗಲ, ಎತ್ತರ ಮೂರೂ ಐವತ್ತು ಪಟ್ಟು ಇಳಿಯುವುದರಿಂದ ತೂಕ 1,25,000 ಪಟ್ಟು ಇಳಿಯಬೇಕು. ಲೆಕ್ಕದ ಪ್ರಕಾರ 20 ಟನ್ನಿನ ಎಕ್ಸ್‌ಕವೇಟರ್ ಇಲ್ಲಿ ಬರೀ 160 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ನನ್ನದು ಅರ್ಧ ಕೆ.ಜಿ. ದಾಟುತ್ತದೆ! ಅಸಲಿಯ 10 ಮಿಲಿಮೀಟರ್ ತಗಡು ಇಲ್ಲಿ 0.2 ಮಿಲಿಮೀಟರ್ ಆಗಬೇಕು. ಅಷ್ಟು ತೆಳ್ಳಗೆ ಸತುವಿನ ಎರಕ ಹೊಯ್ಯಲು ಆಗುವುದಿಲ್ಲ. ಅದಕ್ಕೇ ಗೋಡೆ ದಪ್ಪ, ಗಾಡಿ ಭಾರ. ಆ ಭಾರವೇ ನನಗೆ ಇಷ್ಟ ಅನ್ನುವುದು ಬೇರೆ ಮಾತು. ಚೈನನ್ನು ಬೆರಳಿನಿಂದ ತಳ್ಳಿದರೆ ಒಂದೊಂದು ಕೊಂಡಿಯೂ ಪಿನ್ನಿನ ಮೇಲೆ ತಿರುಗಿ ಟಕಟಕ ಅನ್ನುತ್ತದಲ್ಲ, ಪ್ಲಾಸ್ಟಿಕ್ಕಿನಲ್ಲಿ ಆ ಸುಖ ಇಲ್ಲ.

ಹಾಗಂತ ನೀನು ಆಟಿಕೆ ಅಂದದ್ದು ಪೂರ್ತಿ ತಪ್ಪೂ ಅಲ್ಲ. ಇಂಥ ಮಾದರಿ ಮಾಡುವುದರಲ್ಲಿ ಹೆಸರಾದ ಎನ್‌ಜೆಡ್‌ಜಿ, ಕಾನ್ರಾಡ್ ಕಂಪನಿಗಳು ಎರಡೂ ಜರ್ಮನಿಯ ನ್ಯೂರೆಂಬರ್ಗ್ ಕಡೆಯವು. ನಮ್ಮ ಚನ್ನಪಟ್ಟಣದ ಹಾಗೆ ಅದು ಆಟಿಕೆಗೆ ಹೆಸರಾದ ಊರು. ನಮ್ಮ ಕಸ್ಟಮ್ಸ್ ಪುಸ್ತಕವೂ ನಿನ್ನ ಪರವೇ. ಗೊಂಬೆ, ತಳ್ಳುಗಾಡಿ, ಅಳತೆಯ ಮಾದರಿ ಎಲ್ಲ ಅಲ್ಲಿ 9503 ಅನ್ನುವ ಒಂದೇ ತಲೆಬರಹದಡಿ ಬರುತ್ತವೆ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಇಲ್ಲಿನ ಅಂಗಡಿಗಳಲ್ಲಿ ಇವು ಯಾಕೆ ಕಾಣುವುದಿಲ್ಲ ಅಂತ ಕೇಳಿದೆಯಲ್ಲ, ಇನ್ನೇನು ಹೇಳಲಿ?

ಮೊನ್ನೆ ಹೊರಗಿನಿಂದ ತರಿಸಿದ ಒಂದು ಲೋಡರಿನ ಹ್ಯಾಂಡ್‌ರೇಲ್ ಮುರಿದೇ ಬಂತು. ಪೆಟ್ಟಿಗೆ ಅಲ್ಲಾಡಿಸಿದಾಗ ಒಳಗೆ ಏನೋ ಕಿಣಿಕಿಣಿ ಅಂತಿತ್ತು. ಮಾರಿದವನಿಗೆ ಬರೆದೆ, ಉತ್ತರ ಇಲ್ಲ. ಕೊನೆಗೆ ಹಳೇ ಸೈಕಲ್ಲಿನ ಬ್ರೇಕ್ ಕೇಬಲ್ ಬಿಚ್ಚಿ, ಅದರ ಒಂದು ಎಳೆಯನ್ನು ಬಗ್ಗಿಸಿ ಅಂಟಿಸಿದೆ. ಈಗ ಆ ಬದಿಯೇ ಜಾಸ್ತಿ ಚೆನ್ನಾಗಿ ಕಾಣುತ್ತದೆ.

ಕೆಳಗಿನ ಅರೆಯಲ್ಲಿ ಬಣ್ಣ ಇಲ್ಲದ ಒಂದು ಡೋಜರ್ ನೋಡಿದೆ ಅಲ್ವಾ? ಅದು ಯಾವುದು ಅಂತ ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ನಮ್ಮ ಡಿ80. ಜಪಾನಿನ ಕೊಮಾತ್ಸು ಕಂಪನಿಯ ತಂತ್ರಜ್ಞಾನ ತಂದು ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಕಟ್ಟುತ್ತಿದ್ದ ಡಿ80. ನನ್ನಪ್ಪ ವೆಲ್ಡಿಂಗ್ ಮಾಡಿ, ನಿಮ್ಮಪ್ಪ ಪೇಂಟ್ ಹೊಡೆದು ಹೊರಗೆ ಕಳಿಸುತ್ತಿದ್ದರಲ್ಲ, ಅದೇ. ಪ್ರಪಂಚದ ಎಲ್ಲೆಲ್ಲಿಯದೋ ಗಾಡಿ ನನ್ನ ಬೀರುವಿನಲ್ಲಿದೆ, ನಮ್ಮೂರಿನದು ಮಾತ್ರ ಇರಲಿಲ್ಲ. ಎಷ್ಟು ಹುಡುಕಿದರೂ ನನಗೆ ಮಾದರಿ ಸಿಗಲಿಲ್ಲ. ಕ್ಯಾಟರ್‌ಪಿಲರ್ ಡೋಜರನ್ನು ತಿದ್ದೋಣ ಅಂದರೆ ಆಗದು. 1977ರ ಡಿ10ರಿಂದ ಅವರ ದೊಡ್ಡ ಡೋಜರ್‌ಗಳಲ್ಲಿ ಚೈನ್ ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಮೇಲೇರಿ ಕೂತಿದೆ. ಚೈನು ತ್ರಿಕೋನ ಆಗಿಬಿಡುತ್ತದೆ. ನಮ್ಮದು ಸಪಾಟಾದ ಉದ್ದ ಚೈನು. ಹಾಗಾಗಿ ಮುರಿದುಹೋದ ಒಂದು ಕೊಮಾತ್ಸು ಮಾದರಿ ಕೊಂಡು, ಬಣ್ಣ ಕೆರೆದು, ಬಾನೆಟ್ಟನ್ನು ಹೊಸದಾಗಿ ಹಿತ್ತಾಳೆ ತಗಡಿನಲ್ಲಿ ಮಾಡುತ್ತಿದ್ದೇನೆ.

ಅಪ್ಪನಿಗೆ ತೋರಿಸಿದೆ. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಬ್ಲೇಡಿನ ಹಿಂಭಾಗವನ್ನೇ ತುಂಬಾ ಹೊತ್ತು ನೋಡಿದರು. "ಇಲ್ಲಿ ವೆಲ್ಡಿಂಗೇ ಇಲ್ವಲ್ಲೋ, ಮಣ್ಣು ತಳ್ಳಿದರೆ ಬಿಟ್ಟುಕೊಳ್ಳತ್ತೆ" ಅಂದರು. ಪಟ್ಟಿ ಕೂಡುವ ಜಾಗದಲ್ಲಿ ಸೂಜಿ ಮೊನೆಯಿಂದ ಅಂಟನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು ವೆಲ್ಡಿಂಗ್ ಮೂಡಿಸಿದೆ. ಎರಡು ಸಂಜೆ ಹಿಡಿಯಿತು. ಮತ್ತೆ ತೋರಿಸಿದರೆ "ಕೈ ನಡುಗಿದೆ" ಅಂದರು. ಅವರ ಕೈಯೂ ಈಗ ನಡುಗುತ್ತದೆ, ಅದನ್ನು ನಾನು ಹೇಳಲಿಲ್ಲ.

ವೆಲ್ಡಿಂಗ್ ಅಷ್ಟೂ ಅವರಿಗೆ ನೆನಪಿದೆ. ಮಿಕ್ಕದ್ದು ಕೇಳಬೇಡ. ಕೆಳಗಿನ ರೋಲರ್ ಒಂದು ದಿನ ಆರು ಅಂತಾರೆ, ಮರುದಿನ ಏಳು. ಹಳದಿ ಯಾವ ಹಳದಿ ಅಂದರೆ "ಅದು ಪೇಂಟ್ ಶಾಪಿನವರ ತಲೆನೋವು, ಅವನನ್ನೇ ಕೇಳು" ಅಂತಾರೆ. ನಿಮ್ಮಪ್ಪ ಇಲ್ಲ ಅನ್ನುವುದು ಅವರಿಗೆ ಆಗಾಗ ಮರೆತುಹೋಗುತ್ತದೆ.

ಅದಕ್ಕೇ ನಿನ್ನಿಂದ ಒಂದು ಕೆಲಸ ಆಗಬೇಕು. ಆಯುಧ ಪೂಜೆಗೆ ಮನೆಯವರನ್ನೆಲ್ಲ ಫ್ಯಾಕ್ಟರಿ ಒಳಗೆ ಬಿಡುತ್ತಿದ್ದರಲ್ಲ, ಆ ಸಲ ಬಾಳೆಕಂದು ಕಟ್ಟಿದ ಡೋಜರ್ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ತೆಗೆದ ಕಲರ್ ಫೋಟೋ ನಿಮ್ಮ ಮನೆ ಗೋಡೆಯ ಮೇಲಿತ್ತು. ಕುಂಬಳಕಾಯಿ ಚೂರು ಎತ್ತಿಕೊಂಡು ನೀನು ಅಳುತ್ತಿದ್ದೆ. ಅಮ್ಮನ ಟ್ರಂಕಿನಲ್ಲಿ ಸ್ವಲ್ಪ ಹುಡುಕು. ಸಿಕ್ಕರೆ ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಬೇಡ, ಅದು ನಟ್ಟು ಬೋಲ್ಟು ಎಲ್ಲ ತಿಂದುಹಾಕುತ್ತದೆ. ಸ್ಕ್ಯಾನ್ ಮಾಡಿಸಿ ಮೇಲ್ ಮಾಡು. ನಮ್ಮ ಮುಖ ಮಸುಕಾಗಿದ್ದರೂ ಪರವಾಗಿಲ್ಲ, ಹಿಂದಿನ ಚೈನು ಕಾಣಬೇಕು.

ನಿನ್ನ
ಆಟಿಕೆ ಗೆಳೆಯ