ಮಲೆನಾಡಿನ ಮಳೆಗೆ ಮೂರು ಚಕ್ರದ ಸೈಕಲ್‌ಗೆ ಡ್ರಮ್ ಬ್ರೇಕೇ ಬೇಕು

ಮಾನ್ಯ ಸಂಪಾದಕರೇ,

ಜೂನ್ ಬರೋದಕ್ಕೆ ಮುಂಚೆ ಈ ಪತ್ರ ನಿಮ್ಮ ಪತ್ರಿಕೇಲಿ ಬಂದ್ರೆ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅನ್ನೋ ಆಸೆಯಿಂದ ಬರೀತಿದೀನಿ. ವಿಷಯ ಮೂರು ಚಕ್ರದ ಸೈಕಲ್‌ಗಳ ಬ್ರೇಕು. ಇದು ಪತ್ರಿಕೆಗೆ ಬರೆಯೋ ವಿಷಯಾನಾ ಅಂತ ಕೆಲವರಿಗೆ ಅನ್ನಿಸಬಹುದು, ಆದ್ರೆ ನಮ್ಮೂರು ಚಿಕ್ಕಮಗಳೂರಿನ ಮಳೇಲಿ, ಇಲ್ಲಿನ ಇಳಿಜಾರಲ್ಲಿ, ಲಿವರ್ ಒತ್ತಿದ ತಕ್ಷಣ ಗಾಡಿ ನಿಲ್ಲುತ್ತೋ ಇಲ್ವೋ ಅನ್ನೋದು ಓಡಿಸೋನಿಗೂ ಪ್ರಾಣದ ಪ್ರಶ್ನೆ, ಎದುರಿಗೆ ರಸ್ತೆ ದಾಟ್ತಿರೋ ಸ್ಕೂಲ್ ಮಕ್ಕಳಿಗೂ ಪ್ರಾಣದ ಪ್ರಶ್ನೆ.

ನಾನು ಓಡಿಸೋದು ರಿಕಂಬೆಂಟ್ ಟ್ರೈಕ್. ಆರಾಮ ಕುರ್ಚೀಲಿ ಕೂತ ಹಾಗೆ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ಪೆಡಲ್ ತುಳಿಯೋ ಸೈಕಲ್ ಅದು, ಮುಂದೆ ಎರಡು ಚಕ್ರ, ಹಿಂದೆ ಒಂದು. ಒಳಕಿವಿ ತೊಂದರೆಯಿಂದ ನನಗೆ ಬ್ಯಾಲೆನ್ಸ್ ಸರಿ ಇಲ್ಲ, ಸ್ಕೂಟರ್ ಹತ್ತಬೇಡಿ ಅಂತ ಡಾಕ್ಟ್ರು ಹೇಳಿಬಿಟ್ರು, ಎರಡು ಚಕ್ರದ ಸೈಕಲ್ ಅಂತೂ ದೂರದ ಮಾತು. ಆದ್ರೆ ಟ್ರೈಕ್ ಮೇಲೆ ಬೀಳೋ ಭಯ ಇಲ್ಲದೆ ಮಾರ್ಕೆಟ್ ರೋಡಿಗೆ ತರಕಾರಿಗೆ ಹೋಗ್ತೀನಿ, ಸಂಜೆ ಹಿರೇಕೊಳಲೆ ಕೆರೆ ಕಡೆಗೂ ಹೋಗಿಬರ್ತೀನಿ. ಸೊಂಟ ನೋವಿನೋರು, ಪಾರ್ಶ್ವವಾಯು ಆಗಿ ಒಂದು ಕಡೆ ಶಕ್ತಿ ಕಮ್ಮಿ ಆದೋರು, ಮಂಡಿ ಆಪರೇಷನ್ ಆದೋರು, ಇಂಥವರಿಗೆಲ್ಲ ಇದು ಮನೆಯಿಂದ ಆಚೆ ಬರೋಕೆ ಒಂದು ದಾರಿ. ಅದಕ್ಕೇ ಇದರ ಬ್ರೇಕಿನ ಬಗ್ಗೆ ನನಗೆ ಇಷ್ಟು ಕಾಳಜಿ.

ಈಗ ಬರೋ ಟ್ರೈಕ್‌ಗಳಲ್ಲಿ ಹೆಚ್ಚಿನವು ಡಿಸ್ಕ್ ಬ್ರೇಕಿನವು, ಅಂದ್ರೆ ಚಕ್ರದ ಜೊತೆ ಸುತ್ತೋ ತೆಳು ಲೋಹದ ತಟ್ಟೆಯನ್ನ ಎರಡು ಕಡೆಯಿಂದ ಪ್ಯಾಡ್ ಒತ್ತಿ ಹಿಡಿಯೋವು, ನನ್ನದೂ ಹಾಗೇ ಬಂತು. ಒಣ ರಸ್ತೇಲಿ ಡಿಸ್ಕ್ ಚೆನ್ನಾಗಿ ಹಿಡಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಶುರುವಾಗೋದು ನಮ್ಮ ಮಳೆ ಮತ್ತೆ ಕೆಂಪು ಮಣ್ಣಲ್ಲಿ. ಟ್ರೈಕಿನ ಮುಂದಿನ ಚಕ್ರ 20 ಇಂಚಿಂದು, ಸಾಮಾನ್ಯ ಡಿಸ್ಕ್ 160 ಮಿಲಿಮೀಟರ್ ಅಗಲ, ಲೆಕ್ಕ ಹಾಕಿ ನೋಡಿ, ಡಿಸ್ಕಿನ ಕೆಳಗಿನ ಅಂಚು ರಸ್ತೆಯಿಂದ ಸುಮಾರು 16 ಸೆಂಟಿಮೀಟರ್ ಮೇಲಿರುತ್ತೆ ಅಷ್ಟೆ. ದೊಡ್ಡ ಚಕ್ರದ ಸೈಕಲ್‌ನಲ್ಲಿ ಅದೇ ಡಿಸ್ಕು ಇನ್ನೂ ಎಂಟೊಂಬತ್ತು ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತೆ. ಎಸ್ಟೇಟ್ ಟ್ರ್ಯಾಕ್ಟರ್‌ಗಳು ಟಯರಿಗೆ ಮೆತ್ತಿಕೊಂಡು ಬಂದ ಮಣ್ಣನ್ನ ಡಾಂಬರ್ ರಸ್ತೆ ಮೇಲೆ ಬಿಟ್ಟು ಹೋಗಿರ್ತವೆ, ಮೇಲೆ ಜಿಟಿಜಿಟಿ ಮಳೆ, ಆ ಕೆಸರೆಲ್ಲ ಸೀದಾ ಡಿಸ್ಕಿಗೇ ಸಿಡಿಯುತ್ತೆ. ಪ್ಯಾಡಿಗೂ ಡಿಸ್ಕಿಗೂ ಇರೋ ಗ್ಯಾಪ್ ಅರ್ಧ ಮಿಲಿಮೀಟರಿಗೂ ಕಮ್ಮಿ, ಅಷ್ಟು ಸಣ್ಣ ಜಾಗದಲ್ಲಿ ಮರಳಿನ ಕಣ ಸೇರಿಕೊಂಡ್ರೆ ಕರಕರ ಸದ್ದು ಬರುತ್ತೆ, ಪ್ಯಾಡ್ ಬೇಗ ಸವೀತದೆ, ಡಿಸ್ಕ್ ಮೇಲೆ ಗೆರೆ ಬೀಳ್ತವೆ. ಹೊಸ ಡಿಸ್ಕಿನ ದಪ್ಪವೇ ಸುಮಾರು 1.8 ಮಿಲಿಮೀಟರ್, ಏನಾದ್ರೂ ಸ್ವಲ್ಪ ಜೋರಾಗಿ ತಾಗಿದ್ರೂ ಬೆಂಡ್ ಆಗುತ್ತೆ, ಆಮೇಲೆ ಪ್ರತಿ ಸುತ್ತಿಗೂ ಒಂದು ಸಲ ಉಜ್ಜುತ್ತೆ. ಇನ್ನು ಚೈನಿಗೆ ಹೊಡೆದ ಎಣ್ಣೆಯೋ, ಬಸ್ ಸ್ಟ್ಯಾಂಡ್ ಹತ್ರ ರಸ್ತೆ ಮೇಲೆ ನೀರಲ್ಲಿ ತೇಲೋ ಡೀಸೆಲ್ಲೋ ಒಂದು ತೊಟ್ಟು ಪ್ಯಾಡಿಗೆ ಬಿದ್ರೂ ಹಿಡಿತ ಹೋಯ್ತು, ಮತ್ತೆ ಆ ಪ್ಯಾಡ್ ಸರಿ ಹೋಗೋದು ಕಷ್ಟ.

ಟ್ರೈಕಿಗೆ ಇನ್ನೊಂದು ವಿಶೇಷ ಇದೆ. ಎರಡು ಮುಂದಿನ ಚಕ್ರಕ್ಕೆ ಒಂದೊಂದು ಬ್ರೇಕು, ಎಡಗೈ ಲಿವರ್ ಎಡ ಚಕ್ರಕ್ಕೆ, ಬಲಗೈದು ಬಲಕ್ಕೆ. ಒಂದು ಕಡೆ ಡಿಸ್ಕ್ ಒದ್ದೆಯಾಗಿ ಎಣ್ಣೆ ಹಿಡಿದು ಇನ್ನೊಂದು ಕಡೆ ಒಣಗಿದ್ರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಒಳ್ಳೆ ಟ್ರೈಕ್‌ಗಳಲ್ಲಿ ಸ್ಟೀರಿಂಗ್ ಕೋನವನ್ನ ಈ ಎಳೆತ ಕೈಗೆ ಬರದ ಹಾಗೆ ಲೆಕ್ಕ ಹಾಕಿ ಮಾಡಿರ್ತಾರೆ, ಆದ್ರೂ ಎಡ ಬಲ ಎರಡೂ ಬ್ರೇಕು ಮಳೇಲೂ ಒಂದೇ ಸಮ ಹಿಡಿಯಬೇಕು ಅನ್ನೋದು ಬಹಳ ಮುಖ್ಯ.

ಡ್ರಮ್ಮಲ್ಲಿ ಈ ರಗಳೆ ಬಹುತೇಕ ಇಲ್ಲ, ಯಾಕಂದ್ರೆ ಬ್ರೇಕ್ ಶೂ, ಶೂ ಮೇಲೆ ಅಂಟಿಸಿರೋ ಉಜ್ಜುಪಟ್ಟಿ ಅಂದ್ರೆ ಲೈನರ್, ಸ್ಪ್ರಿಂಗ್, ಕ್ಯಾಮ್ ಎಲ್ಲಾ ಹಬ್ಬಿನ, ಅಂದ್ರೆ ಚಕ್ರದ ನಡುವಿನ ಗುಂಬದ, ಒಳಗೇ ಮುಚ್ಚಿಕೊಂಡಿರ್ತವೆ. ಲಿವರ್ ಎಳೆದ್ರೆ ಕ್ಯಾಮ್ ತಿರುಗಿ ಎರಡು ಶೂಗಳನ್ನ ಅಗಲ ಮಾಡುತ್ತೆ, ಅವು ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ತವೆ, ಅಷ್ಟೇ ಕೆಲಸ. ನಮ್ಮ ಟಿವಿಎಸ್ ಎಕ್ಸ್‌ಎಲ್‌ನಲ್ಲಿ, ಹಳೇ ಬಜಾಜ್ ಚೇತಕ್‌ನಲ್ಲಿ ಜನ ನೋಡಿರೋದೂ ಇದನ್ನೇ. ಸೈಕಲ್ಲಿಗೆ ಇಂಥ ಡ್ರಮ್ ಮಾಡೋದ್ರಲ್ಲಿ ಹೆಸರಾದ ಕಂಪನಿ ಸ್ಟರ್ಮೀ ಆರ್ಚರ್, 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗೇರ್ ಹಬ್ ಮಾಡೋಕೆ ಶುರು ಮಾಡಿದ್ದು, 2000ದಲ್ಲಿ ತೈವಾನಿನ ಸನ್‌ರೇಸ್ ಕೈಗೆ ಹೋಯ್ತು. ಟ್ರೈಕಿಗೆ ಅಂತಲೇ ಒಂದೇ ಪಕ್ಕದಿಂದ ಆಕ್ಸಲ್ ಹಿಡಿಯೋ ಡ್ರಮ್ ಹಬ್ಬನ್ನ 70 ಮತ್ತೆ 90 ಮಿಲಿಮೀಟರ್ ಎರಡು ಅಳತೇಲಿ ಮಾಡ್ತಾರೆ. ಇಂಗ್ಲೆಂಡಿನ ಐಸ್ ಕಂಪನಿಯ ಟ್ರೈಕ್‌ಗಳಲ್ಲಿ ಗಿರಾಕಿ ಡಿಸ್ಕೋ ಡ್ರಮ್ಮೋ ಅಂತ ಆರಿಸಿಕೊಳ್ಳೋ ಅವಕಾಶವನ್ನೇ ಕೊಟ್ಟಿದ್ರು. ಅಲ್ಲೂ ಮಳೆ ದೇಶ ತಾನೆ, ಅವರಿಗೆ ಇದರ ಬೆಲೆ ಗೊತ್ತು.

ನನ್ನ ಟ್ರೈಕಿಗೆ ಮಾಡಿಸಿದ ಹಾಗೆ ಡಿಸ್ಕ್ ತೆಗೆದು ಡ್ರಮ್ ಹಾಕಿಸೋದು ಹೇಗೆ ಅನ್ನೋದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ನಾನು ಮೊದಲು ವಿಚಾರಿಸಿದ ದೊಡ್ಡ ಊರಿನ ಅಂಗಡಿಯೋರು ಇದು ಆಗೋ ಕೆಲಸಾನೇ ಅಲ್ಲ ಅಂತ ಫೋನ್ ಇಟ್ಟುಬಿಟ್ರು, ಆಮೇಲೆ ಕೆಲಸ ಆಗಿದ್ದು ನಮ್ಮೂರಲ್ಲೇ. ಡಿಸ್ಕಿಗೆ ಪ್ಯಾಡ್ ಒತ್ತೋ ಕ್ಯಾಲಿಪರ್ ಬಿಚ್ಚಿ ಅದೇ ಜಾಗಕ್ಕೆ ಡ್ರಮ್ ಕೂರಿಸೋಕೆ ಆಗಲ್ಲ, ಡ್ರಮ್ ಅಂದ್ರೆ ಹಬ್ಬೇ ಬೇರೆ, ಹಾಗಾಗಿ ಎರಡೂ ಚಕ್ರ ಬಿಚ್ಚಿ ಹೊಸದಾಗಿ ಕಡ್ಡಿ ಕಟ್ಟಬೇಕು. ಹಳೇ ರಿಮ್ ಇಟ್ಟುಕೊಳ್ಳಬಹುದು, ಆದ್ರೆ ರಿಮ್ಮಿನ ತೂತಿನ ಲೆಕ್ಕಕ್ಕೆ ಹಬ್ಬಿನ ತೂತು ಸರಿ ಇರಬೇಕು, ಮತ್ತೆ ಡ್ರಮ್ ಹಬ್ಬಿನ ಅಂಚು ಅಗಲ ಆಗಿರೋದ್ರಿಂದ ಕಡ್ಡಿ ಉದ್ದ ಕಮ್ಮಿ ಬೇಕಾಗುತ್ತೆ, ಹಳೇ ಕಡ್ಡಿ ಬರಲ್ಲ. ಎಡ ಚಕ್ರದ ಡ್ರಮ್ ಬೇರೆ ಬಲ ಚಕ್ರದ್ದು ಬೇರೆ, ತರಿಸುವಾಗ ಜೋಡಿ ನೋಡಿ ತರಿಸಬೇಕು. ಆಕ್ಸಲ್ ದಪ್ಪ ಟ್ರೈಕಿನ ಕಿಂಗ್‌ಪಿನ್ನಿಗೆ, ಅಂದ್ರೆ ಮುಂದಿನ ಚಕ್ರ ಕೂತು ಎಡಬಲಕ್ಕೆ ತಿರುಗೋ ಭಾಗಕ್ಕೆ, ಹೊಂದುತ್ತಾ ಅನ್ನೋದನ್ನ ದುಡ್ಡು ಕೊಡೋಕೆ ಮುಂಚೆ ಅಳೆದು ನೋಡಬೇಕು, ಕೆಲವು ಮಾಡೆಲ್ಲಿಗೆ ಕಿಂಗ್‌ಪಿನ್ನೂ ಬದಲಾಯಿಸಬೇಕಾಗುತ್ತೆ.

ಇಲ್ಲೊಂದು ವಿಷಯ ಯಾರೂ ಹಗುರವಾಗಿ ತಗೋಬಾರದು. ಬ್ರೇಕ್ ಹಾಕಿದಾಗ ಡ್ರಮ್ಮಿನ ಜೊತೆ ಶೂಗಳನ್ನ ಹೊತ್ತಿರೋ ಬ್ರೇಕ್ ಪ್ಲೇಟೂ ತಿರುಗೋಕೆ ನೋಡುತ್ತೆ, ಅದು ತಿರುಗದ ಹಾಗೆ ಹಿಡಿಯೋಕೆ ಬೈಕಿನ ಹಿಂಚಕ್ರದಲ್ಲಿ ಟಾರ್ಕ್ ರಾಡ್ ಇರುತ್ತಲ್ಲ, ಹಾಗೇ ಇಲ್ಲೂ ಪ್ಲೇಟಿನ ತೋಳನ್ನ ಕಿಂಗ್‌ಪಿನ್ ಭಾಗಕ್ಕೆ ಗಟ್ಟಿಯಾಗಿ ಬೋಲ್ಟ್ ಮಾಡಬೇಕು. ತಂತಿಯಲ್ಲಿ ಕಟ್ಟೋದು, ಸಿಕ್ಕಿದ ಕ್ಲಾಂಪಲ್ಲಿ ಹಿಡಿಸೋದು ಇದೆಲ್ಲ ಮಾಡಲೇಬೇಡಿ. ಅದು ಬಿಟ್ಟುಕೊಂಡ್ರೆ ಪ್ಲೇಟ್ ಸುತ್ತಿ ಕೇಬಲ್ ಕಿತ್ತು ಬರುತ್ತೆ, ಆ ಚಕ್ರಕ್ಕೆ ಬ್ರೇಕೇ ಇಲ್ಲದ ಹಾಗಾಗುತ್ತೆ. ನಮ್ಮೂರ ಲೇತ್ ಅಂಗಡಿಯವರು ಇದಕ್ಕೆ ದಪ್ಪ ಸ್ಟೀಲ್ ಪಟ್ಟಿ ಅಚ್ಚುಕಟ್ಟಾಗಿ ಮಾಡಿಕೊಟ್ರು. ಮೆಕ್ಯಾನಿಕ್ ಹುಡುಗ ಹಬ್ ಬಿಚ್ಚಿ ನೋಡಿದವನೇ "ಸಾರ್, ಇದು ಎಕ್ಸ್‌ಎಲ್ ಬ್ರೇಕೇ ಅಲ್ವಾ, ಸ್ವಲ್ಪ ಚಿಕ್ಕದು ಅಷ್ಟೆ, ಬಿಡಿ ನಾನು ಮಾಡ್ತೀನಿ" ಅಂದ, ನಾನೂ "ಮಾಡಪ್ಪ, ಆದ್ರೆ ಆ ಬೋಲ್ಟ್ ಎರಡೆರಡು ಸಲ ನೋಡು" ಅಂದೆ. ಅಷ್ಟು ಕೈಚಳಕ ನಮ್ಮ ಹುಡುಗರಲ್ಲಿದೆ, ಅದನ್ನ ನಂಬಬೇಕು.

ಲಿವರ್ ವಿಷಯಾನೂ ಹಾಗೇ. ಡಿಸ್ಕ್ ಕ್ಯಾಲಿಪರ್‌ಗಳಲ್ಲಿ ಕೆಲವಕ್ಕೆ ಕೇಬಲ್ ಜಾಸ್ತಿ ದೂರ ಎಳೆಯೋ ಲಿವರ್ ಹಾಕಿರ್ತಾರೆ, ಡ್ರಮ್ಮಿಗೆ ಬೇಕಾಗಿರೋದು ಕಮ್ಮಿ ದೂರ ಜೋರಾಗಿ ಎಳೆಯೋ ಲಿವರ್. ಹಳೇದನ್ನೇ ಬಿಟ್ರೆ ಎಷ್ಟು ಒತ್ತಿದ್ರೂ ಬ್ರೇಕ್ ಸಪ್ಪೆ, ಜನ ಡ್ರಮ್ಮನ್ನ ಬೈಕೊಂಡು ಓಡಾಡ್ತಾರೆ. ಕೇಬಲ್ ಬದಲು ಎಣ್ಣೆ ಒತ್ತಡದಲ್ಲಿ ಕೆಲಸ ಮಾಡೋ ಹೈಡ್ರಾಲಿಕ್ ಡಿಸ್ಕ್ ಇದ್ದೋರಂತೂ ಲಿವರ್ ಕೇಬಲ್ ಎಲ್ಲಾ ಹೊಸದು ಹಾಕಲೇಬೇಕು. ಟ್ರೈಕ್ ಸ್ಟ್ಯಾಂಡ್ ಹಾಕಿ ನಿಲ್ಲಿಸೋ ಗಾಡಿ ಅಲ್ಲ, ಸ್ವಲ್ಪ ಇಳಿಜಾರಿದ್ರೂ ತಾನೇ ಹೊರಟುಬಿಡುತ್ತೆ, ಹಾಗಾಗಿ ಲಾಕ್ ಇರೋ ಲಿವರ್ರೇ ತಗೊಳ್ಳಿ. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರೋ ತನಕ ಹಿಡಿತ ಸ್ವಲ್ಪ ಕಮ್ಮಿ ಇರುತ್ತೆ, ಅಲ್ಲೀವರೆಗೆ ಮಟ್ಟಸ ರಸ್ತೇಲಿ ಓಡಿಸಿ ಪಳಗಿಸಬೇಕು.

ಈಗ ಡ್ರಮ್ಮಿನ ಮಿತಿ ಹೇಳದೇ ಇದ್ರೆ ಓದೋರಿಗೆ ಅನ್ಯಾಯ. ಡ್ರಮ್ಮಿನ ಶಾಖ ಬೇಗ ಆಚೆ ಹೋಗಲ್ಲ. ಓಡಿಸೋನು, ಟ್ರೈಕು, ಚೀಲ ಎಲ್ಲಾ ಸೇರಿ 110 ಕೆ.ಜಿ. ಅಂದುಕೊಳ್ಳಿ. ಗಂಟೆಗೆ 25 ಕಿ.ಮೀ. ವೇಗದಿಂದ ಒಂದು ಸಲ ನಿಲ್ಲಿಸಿದ್ರೆ ಬ್ರೇಕಿಗೆ ಬೀಳೋ ಶಕ್ತಿ ಎರಡೂವರೆ ಸಾವಿರ ಜೂಲ್ ಚಿಲ್ಲರೆ. ಅದೇ ಗಾಡಿ 100 ಮೀಟರ್ ಎತ್ತರ ಕೆಳಗಿಳಿಯುವಾಗ ಕರಗಿಸಬೇಕಾಗಿರೋದು ಒಂದು ಲಕ್ಷ ಜೂಲ್ ಮೇಲೆ, ಅಂದ್ರೆ ಹಾಗೆ ನಲವತ್ತು ಸಲ ನಿಲ್ಲಿಸಿದಷ್ಟು, ಟಯರಿನ ಉಜ್ಜಾಟ, ಎದುರುಗಾಳಿ ತಿನ್ನೋದು ಅದರಲ್ಲಿ ಒಂದು ಪಾಲು ಮಾತ್ರ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮೂರು ಸುಮಾರು 1,090. ಮೇಲಿಂದ ಕೈಮರದ ದಾರೀಲಿ ಊರಿಗೆ ಇಳಿದ್ರೆ 800 ಮೀಟರ್ ಮೇಲೆ ಇಳಿದ ಹಾಗೆ, ಅಷ್ಟೂ ದೂರ 70 ಮಿಲಿಮೀಟರ್ ಡ್ರಮ್ಮನ್ನ ಒತ್ತಿ ಹಿಡ್ಕೊಂಡೇ ಬಂದ್ರೆ ಲೈನರ್ ಕಾದು ಹಿಡಿತ ಕಮ್ಮಿ ಆಗ್ತಾ ಹೋಗುತ್ತೆ, ಲಿವರ್ ಹ್ಯಾಂಡಲ್ ತನಕ ಬಂದ್ರೂ ಗಾಡಿ ನಿಲ್ಲದೇ ಇರಬಹುದು. ಚಾರ್ಮಾಡಿ, ಶಿರಾಡಿ ಘಾಟಿಗೂ ಇದೇ ಮಾತು. ವಾರಾವಾರ ಬೆಟ್ಟ ಹತ್ತಿಳಿಯೋರಿಗೆ ಗಾಳಿಗೆ ತೆರೆದುಕೊಂಡಿರೋ ದೊಡ್ಡ ಡಿಸ್ಕೇ ಒಳ್ಳೇದು, ಮಣ್ಣು ತೊಳೆಯೋ ಕಷ್ಟ ಅವರು ಪಡಲೇಬೇಕು. ಇಲ್ಲ ನಮಗೆ ಡ್ರಮ್ಮೇ ಇರಲಿ ಅನ್ನೋರು 90 ಮಿಲಿಮೀಟರಿಂದು ಹಾಕಿಸಿ, ಮಧ್ಯೆ ಮಧ್ಯೆ ನಿಲ್ಲಿಸಿ ಆರೋಕೆ ಬಿಟ್ಟು ಇಳೀಬೇಕು. ಊರೊಳಗೆ, ಕಡೂರು ರಸ್ತೆ, ಬೇಲೂರು ರಸ್ತೆ ಕಡೆ ದಿನನಿತ್ಯ ಓಡಾಡೋರಿಗೆ ಮಾತ್ರ ನಾನು ಧೈರ್ಯವಾಗಿ ಡ್ರಮ್ ಅಂತೀನಿ. ಹಬ್ ಸ್ವಲ್ಪ ಭಾರ ನಿಜ, ಆದ್ರೆ ಮಳೆಗಾಲ ಪೂರ್ತಿ ಬಿಚ್ಚೋ ಕೆಲಸ ಇಲ್ಲ, ಆಗಾಗ ಕೇಬಲ್ ಅಡ್ಜಸ್ಟರ್ ತಿರುಗಿಸಿ ಎಡ ಬಲ ಸಮ ಮಾಡಿಕೊಂಡ್ರೆ ಸಾಕು. ಅಡಿ ಗಟ್ಟಲೆ ನೀರು ನಿಂತ ಗುಂಡೀಲಿ ಇಳಿಸಿದ್ರೆ ಡ್ರಮ್ಮಿಗೂ ನೀರು ಹೋಗುತ್ತೆ, ಆಚೆ ಬಂದ ಮೇಲೆ ನಿಧಾನಕ್ಕೆ ಬ್ರೇಕ್ ಒತ್ತಿ ಒತ್ತಿ ಒಣಗಿಸಬೇಕು, ಇದು ಎಕ್ಸ್‌ಎಲ್ ಓಡಿಸೋರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಬರೆಯೋಕೆ ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೇಲಿ ಕಾಲಿನ ಶಕ್ತಿ ಇಲ್ಲದ ಎಷ್ಟೋ ಜನ ಕೈಯಲ್ಲಿ ತಿರುಗಿಸೋ ಮೂರು ಚಕ್ರದ ಸೈಕಲ್ ಮೇಲೇ ಬದುಕು ಸಾಗಿಸ್ತಿದ್ದಾರೆ. ಅಂಗವಿಕಲರಿಗೆ ಸಹಾಯಕ ಸಾಧನ ಕೊಡೋ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ, ಕಾನ್ಪುರದ ಅಲಿಮ್ಕೋದಂಥ ಸಂಸ್ಥೆ ಮಾಡಿದ ಗಾಡಿಗಳನ್ನ ಶಿಬಿರದಲ್ಲಿ ಹಂಚ್ತಾರೆ, ಬಹಳ ಒಳ್ಳೆ ಕೆಲಸ ಅದು. ಆದ್ರೆ ನಾನು ಊರಲ್ಲಿ ನೋಡಿದ ಕೈಗಾಡಿಗಳಲ್ಲಿ ಇರೋದು ರಿಮ್ಮಿಗೆ ಹಿಡಿಯೋ ಬ್ರೇಕು, ಒದ್ದೆ ರಿಮ್ಮಿಗೆ ರಬ್ಬರ್ ಕಟ್ಟೆ ತಕ್ಷಣ ಹಿಡಿಯಲ್ಲ ಅನ್ನೋದು ಚಿಕ್ಕಂದಿನಲ್ಲಿ ಮಳೇಲಿ ಸೈಕಲ್ ತುಳಿದ ಎಲ್ಲರಿಗೂ ಗೊತ್ತು. ನಮಗಾದ್ರೆ ಕಾಲು ಊರಿ ನಿಲ್ಲಿಸೋ ದಾರಿ ಒಂದಿತ್ತು, ಅವರಿಗೆ ಅದೂ ಇಲ್ಲ. ಎರಡೂ ಕೈ ಪೆಡಲ್ ಮೇಲಿರುತ್ತೆ, ಬ್ರೇಕ್ ಹಾಕಬೇಕು ಅಂದ್ರೆ ಒಂದು ಕೈ ಬಿಡಬೇಕು, ಹಾಗೆ ಬಿಟ್ಟು ಹಿಡಿದ ಬ್ರೇಕು ಜಾರಿದ್ರೆ ಆ ಮನುಷ್ಯ ಏನು ಮಾಡಬೇಕು ಹೇಳಿ. ಬಯಲುಸೀಮೆಯ ಒಣ ಮಟ್ಟಸ ರಸ್ತೆಗೆ ಸಾಕಾಗೋ ಬ್ರೇಕನ್ನೇ ಮಲೆನಾಡಿನ ಏರಿಳಿತಕ್ಕೂ ಕೊಟ್ರೆ ಅದು ನ್ಯಾಯ ಅಲ್ಲ.

ಹಾಗಾಗಿ ನಿಮ್ಮ ಪತ್ರಿಕೆ ಮೂಲಕ ನನ್ನ ಕೋರಿಕೆ ಇಷ್ಟು. ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೋರು ಮುಂದಿನ ಸಲ ಮಲೆನಾಡಿನ ತಾಲೂಕುಗಳಿಗೆ ಗಾಡಿ ಕೇಳುವಾಗ ಡ್ರಮ್ ಬ್ರೇಕ್ ಇರೋ ಗಾಡಿ ಬೇಕು ಅಂತ ಬರೆದು ಕೇಳಲಿ, ಈಗಾಗಲೇ ಹಂಚಿರೋ ಗಾಡಿಗಳನ್ನ ಮೇ ತಿಂಗಳಲ್ಲಿ ತಾಲೂಕಿಗೊಂದು ಕಡೆ ಕರೆಸಿ ಬ್ರೇಕ್ ಕಟ್ಟೆ, ಕೇಬಲ್ ಹೊಸದು ಹಾಕಿಸಿಕೊಡಲಿ. ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳು ಮನಸ್ಸು ಮಾಡಿದ್ರೆ ಹಳೇ ಕೈಗಾಡಿಗೆ ಡ್ರಮ್ ಹಬ್ ಕೂರಿಸೋದನ್ನ ಹುಡುಗರ ಪ್ರಾಜೆಕ್ಟ್ ಆಗಿ ಮಾಡಿಸಬಹುದು, ಲೇತ್ ಇದೆ, ವೆಲ್ಡಿಂಗ್ ಇದೆ, ಕೈ ಇದೆ. ಇನ್ನು ಟ್ರೈಕ್ ಮಾರೋ ಅಂಗಡಿಯೋರು ಗಿರಾಕಿ ಯಾವ ಊರೋನು, ಅವನ ರಸ್ತೆ ಎಂಥದ್ದು ಅಂತ ಕೇಳಿ, ಡಿಸ್ಕ್ ಡ್ರಮ್ ಎರಡನ್ನೂ ಮುಂದಿಟ್ಟು ಮಾರಲಿ. ನನ್ನ ಟ್ರೈಕಿನ ಡ್ರಮ್ ಹೇಗೆ ಕೂತಿದೆ ಅಂತ ನೋಡಬೇಕು ಅನ್ನೋ ಮೆಕ್ಯಾನಿಕ್ಕು, ಮೇಷ್ಟ್ರು, ಇಲಾಖೆಯೋರು ಯಾರೇ ಇದ್ರೂ ಪತ್ರಿಕೆ ಕಚೇರೀಲಿ ಹೇಳಿದ್ರೆ ಸಾಕು, ಗಾಡಿ ತಂದು ಚಕ್ರ ಬಿಚ್ಚಿ ತೋರಿಸೋಕೆ ನಾನು ತಯಾರಿದೀನಿ.

ಇಂತಿ ನಿಮ್ಮ ಓದುಗ,
ಚಿಕ್ಕಮಗಳೂರು